ಕೌದಿ ಹೊದ್ದ ಕಾರು

ಹೋದ ವಾರ ನಮ್ಮ ಕಟ್ಟಡದ ಕಾರು ನಿಲ್ಲಿಸುವ ಜಾಗದಲ್ಲಿ ಯಾರದೋ ಗಾಡಿಯ ಕೆಳಗೆ ಹಸಿರು ನೀರು ಸೋರಿತ್ತು. ಬೆಳಗಿನ ನಡಿಗೆ ಮುಗಿಸಿ ಬರುತ್ತಿದ್ದೆ. ವಾಸನೆ ಮೂಗಿಗೆ ಬಡಿದು ನಿಂತೆ. ಬೆಲ್ಲದ ಪಾಕಕ್ಕೆ ಒಂದು ತೊಟ್ಟು ಸೀಮೆಎಣ್ಣೆ ಬಿದ್ದಂಥ ಸಿಹಿ ವಾಸನೆ. ಚಳಿಗಾಲದಲ್ಲಿ ಗಾಡಿಯ ನೀರು ಹೆಪ್ಪುಗಟ್ಟದಿರಲಿ ಎಂದು ರೇಡಿಯೇಟರಿಗೆ ಹಾಕುವ ಆಂಟಿಫ್ರೀಜ್ ಅದು. ನಡುದಾರಿಯಲ್ಲಿ ನಿಂತು ಯೋಚಿಸುವ ಅಭ್ಯಾಸ ನನಗಿಲ್ಲ. ನಡಿಗೆ, ಸ್ನಾನ, ತಿಂಡಿ, ಪತ್ರಿಕೆ, ಎಲ್ಲಕ್ಕೂ ಅದರದರ ಹೊತ್ತು ಇದೆ. ಆದರೆ ಅಂದು ತಿಂಡಿ ತಡವಾಯಿತು. ಆ ವಾಸನೆಯ ಹಿಂದೆಯೇ ವೈನಿ ಬಂದು ನಿಂತಿದ್ದರು.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಮೈಸೂರಿನಲ್ಲಿ ನರ್ಸಿಂಗ್ ಕಲಿತು ಅಮೆರಿಕದ ಜರ್ಸಿ ಸಿಟಿಯ ಒಂದು ಆಸ್ಪತ್ರೆಗೆ ಕೆಲಸಕ್ಕೆ ಬಂದಿದ್ದೆ. ಹತ್ತಿರದ ಊರಾದ ಹ್ಯಾರಿಸನ್‌ನ ಒಂದು ಹಳೆಯ ಮರದ ಮನೆಯ ಕೆಳಗಿನ ಭಾಗದಲ್ಲಿ ನನ್ನ ವಾಸ. ಮೇಲಿನ ಭಾಗದಲ್ಲಿ ಧಾರವಾಡದ ಗಂಡ ಹೆಂಡತಿ. ಅವರ ಕಡೆ ಅತ್ತಿಗೆಗೆ ವೈನಿ ಎನ್ನುತ್ತಾರೆ. ಆ ಮನೆಯ ಯಜಮಾನರ ಸ್ನೇಹಿತರೆಲ್ಲ ಆಕೆಯನ್ನು ಹಾಗೆಯೇ ಕರೆಯುತ್ತಿದ್ದರು. ನಾನೂ ಕರೆದೆ. ಅವರು ನನ್ನನ್ನು ‘ಸಿಸ್ಟರ್’ ಎನ್ನುತ್ತಿದ್ದರು. ಸೂಜಿ ಚುಚ್ಚುವ ಸಿಸ್ಟರ್ ಎಂಬ ಅರ್ಥದಲ್ಲಿ ಶುರುವಾದದ್ದು ಕ್ರಮೇಣ ತಂಗಿ ಎಂಬ ಅರ್ಥಕ್ಕೆ ಬಂತು.

ಯಜಮಾನರು ಬೆಳಗ್ಗೆ ರೈಲು ಹಿಡಿದು ನ್ಯೂಯಾರ್ಕಿನ ಆಫೀಸಿಗೆ ಹೋದರೆ ಕತ್ತಲಾದ ಮೇಲೆ ಬರುವುದು. ಹಡಗಿನಂಥ ಒಂದು ಹಳೆಯ ಕಾರನ್ನು ಕೊಂಡು ಬೀದಿಯಲ್ಲಿ ನಿಲ್ಲಿಸಿದ್ದರು. ಅದರ ಯೋಗಕ್ಷೇಮ ವೈನಿಯದು. ದಿನಾ ಬೆಳಗ್ಗೆ ಗಂಡನನ್ನು ಕಳಿಸಿದ ಮೇಲೆ ವೈನಿ ಹಿತ್ತಾಳೆ ತಂಬಿಗೆಯಲ್ಲಿ ನೀರು ಹಿಡಿದು ಮೆಟ್ಟಿಲಿಳಿದು ಬರುತ್ತಿದ್ದರು. ಬಾನೆಟ್ ಎತ್ತುವುದು, ರೇಡಿಯೇಟರಿನ ಮುಚ್ಚಳ ತಿರುಗಿಸುವುದು, ಕಂಠಮಟ್ಟ ನೀರು ಹೊಯ್ಯುವುದು, ಮುಚ್ಚಳ ಹಾಕುವುದು, ಎಂಜಿನ್ ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸುವುದು. ಗದಗಿನಲ್ಲಿ ಡಾಕ್ಟರಾಗಿದ್ದ ಅವರ ತಂದೆಗೆ ಒಂದು ಹಳೆಯ ಮೋಟಾರು ಇತ್ತಂತೆ. ಬೆಳಗ್ಗೆ ನೀರು ಹಾಕದೆ ಅದನ್ನು ಮನೆಯಿಂದ ಹೊರಡಿಸುವಂತೆಯೇ ಇರಲಿಲ್ಲವಂತೆ.

“ದನಕ್ಕ ನೀರು ಕುಡಿಸಿ ಹೊರಗ ಬಿಡ್ತೇವಿಲ್ಲೋ, ಗಾಡೀಗೂ ಹಂಗ” ಎನ್ನುತ್ತಿದ್ದರು.

ನನಗೆ ಅದು ತುಂಬ ಹಿಡಿಸಿತ್ತು. ನಮ್ಮ ನರ್ಸಿಂಗ್ ಶಾಲೆಯ ಮೇಟ್ರನ್ ಕೈಕೆಳಗೆ ಕಲಿತವಳು ನಾನು. ಒಂದು ಹಾಸಿಗೆಯ ಚಾದರದ ಮೂಲೆ ಸರಿಯಾಗಿ ಮಡಚಿರದಿದ್ದರೆ ಇಡೀ ವಾರ್ಡಿನ ಹಾಸಿಗೆಗಳನ್ನು ಬಿಚ್ಚಿಸಿ ಮತ್ತೆ ಹಾಕಿಸುತ್ತಿದ್ದ ಮಹಾತಾಯಿ ಆಕೆ. ವೈನಿಯ ತಂಬಿಗೆ ನೋಡಿದ್ದರೆ ಆಕೆಯೂ ತಲೆದೂಗುತ್ತಿದ್ದರು.

ವೈನಿ ಎಂ.ಎಸ್ಸಿ. ಮಾಡಿದವರು, ರಸಾಯನಶಾಸ್ತ್ರ. ಮದುವೆಗೆ ಮುಂಚೆ ಧಾರವಾಡದಲ್ಲಿ ಹುಡುಗರಿಗೆ ಪ್ರಯೋಗ ಮಾಡಿಸುತ್ತಿದ್ದರು. ಇಲ್ಲಿಗೆ ಬಂದ ಮೇಲೆ ಮೇಲಂತಸ್ತಿನ ಎರಡು ಕೋಣೆ, ಒಂದು ಕಿಟಕಿ. “ಬ್ಯೂರೆಟ್ ಹಿಡದ ಕೈವಾ ಇದು. ಬರೇ ಲಟ್ಟಣಿಗಿ ಹಿಡಕೊಂಡು ಎಲ್ಲಾ ಮರತ ಹೋಗೇದ” ಎಂದು ನಗುತ್ತ ಹೇಳುತ್ತಿದ್ದರು. ನಗುವಿನ ಕೊನೆಗೆ ಕಿಟಕಿಯ ಕಡೆ ನೋಡುತ್ತಿದ್ದರು...

ಅರ್ಜಿಯ ಮೇಲೆ ಅರ್ಜಿ ಹಾಕಿದ ಮೇಲೆ ಒಂದು ಚಳಿಗಾಲ ಬಣ್ಣದ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಅವರಿಗೆ ಕೆಲಸ ಸಿಕ್ಕಿತು. ಕಾರ್ಖಾನೆ ಇದ್ದದ್ದು ಮನ್ರೋ ಕಡೆಗೆ, ಆಗ ಬರೀ ಹೊಲಗಳಿದ್ದ ಸೀಮೆಯಲ್ಲಿ. ರೈಲೂ ಇಲ್ಲ, ಬಸ್ಸೂ ಇಲ್ಲ. ಸೋಮವಾರ ಬೆಳಗ್ಗೆ ನೀವೇ ಡ್ರೈವ್ ಮಾಡಿಕೊಂಡು ಬರುವುದಾದರೆ ಕೆಲಸ ನಿಮ್ಮದು, ಇಲ್ಲದಿದ್ದರೆ ಇನ್ನೊಬ್ಬರನ್ನು ಕರೆಯುತ್ತೇನೆ ಎಂದು ಅಲ್ಲಿನ ಅಧಿಕಾರಿ ಫೋನಿನಲ್ಲಿ ಸ್ಪಷ್ಟವಾಗಿ ಹೇಳಿದ್ದ. ಡ್ರೈವಿಂಗ್ ಟೆಸ್ಟ್ ಹಿಂದಿನ ಶುಕ್ರವಾರಕ್ಕೆ ಗೊತ್ತಾಗಿತ್ತು. ಅದು ತಪ್ಪಿದರೆ ಮುಂದಿನ ತಾರೀಖು ಸಿಗುವುದು ಒಂದು ತಿಂಗಳ ಮೇಲೆ.

“ಈ ಥಂಡಿಯೊಳಗ ಯಾಕ ಒದ್ದಾಡ್ತಿ? ಏಪ್ರಿಲ್‌ದಾಗ ನೋಡೋಣಂತ” ಎಂದರು ಯಜಮಾನರು. ಕೆಟ್ಟವರಲ್ಲ. ಹೆದರಿಕೆಯವರು.

“ಏಪ್ರಿಲ್‌ದಾಗ ಕೆಲಸ ಎಲ್ಲಿರ್ತದರೀ?” ಎಂದರು ವೈನಿ.

ಲೈಸೆನ್ಸ್ ಇದ್ದ ನಾನು ಭಾನುವಾರಗಳಂದು ಖಾಲಿ ಮೈದಾನದಲ್ಲಿ ಅವರಿಗೆ ಅಭ್ಯಾಸ ಮಾಡಿಸಿದ್ದೆ. ಟೆಸ್ಟಿಗೆ ನಮ್ಮದೇ ಗಾಡಿ ಒಯ್ಯಬೇಕು, ಲೈಸೆನ್ಸ್ ಇದ್ದವರು ಜೊತೆಗಿರಬೇಕು ಎಂಬುದು ನಿಯಮ. ನನಗೆ ಮಧ್ಯಾಹ್ನದ ಪಾಳಿ. ಬೆಳಗ್ಗೆ ಬಿಡುವು. ಹೊರಟೆವು.

ಅದುವರೆಗೆ ಆ ಚಳಿಗಾಲ ಸೌಮ್ಯವಾಗಿತ್ತು. ಆ ವಾರ ಮಾತ್ರ ಎಲ್ಲಿತ್ತೋ ಚಳಿ, ಬಂದು ಎರಗಿತು. ಬೀದಿಯ ಮರದ ಕೊಂಬೆಗಳಿಗೆಲ್ಲ ಗಾಜಿನ ಹೊದಿಕೆ. ಉಸಿರು ಬಿಟ್ಟರೆ ಮಫ್ಲರಿನ ಮೇಲೆ ಬಿಳಿ ಪುಡಿ ಕೂರುತ್ತಿತ್ತು. ವೈನಿ ಇಳಕಲ್ ಸೀರೆಯ ಮೇಲೆ ಗಂಡನ ದಪ್ಪ ಕೋಟು ತೊಟ್ಟು, ರಬ್ಬರ್ ಬೂಟು ಹಾಕಿ ಬಂದರು. ಸೀಟು ಮಂಜುಗಡ್ಡೆಯ ಹಾಗಿರುತ್ತದೆಂದು ಅವರ ತಾಯಿ ಹೊಲಿದು ಕೊಟ್ಟಿದ್ದ ಕೌದಿಯನ್ನು ಅದರ ಮೇಲೆ ಹಾಸಿದರು. ಹಳೆಯ ಸೀರೆಗಳ ಚೂರು ಜೋಡಿಸಿ ಹೊಲಿದ, ಒಬ್ಬರೇ ಎತ್ತಲು ಕಷ್ಟಪಡಬೇಕಾದಷ್ಟು ಭಾರದ ಹೊದಿಕೆ.

ಮೊದಲು ಕೈಕೊಟ್ಟದ್ದು ಹೀಟರು. ಎಂಜಿನ್ ಕಾದ ಮೇಲೂ ಅದರಿಂದ ತಣ್ಣನೆ ಗಾಳಿಯೇ ಬರುತ್ತಿತ್ತು. “ಇದೇನವಾ ಸಿಸ್ಟರ್, ಒಳಗಿನ ಥಂಡಿ ಸಾಲದಂತ ಇದೂ ಊದಲಿಕ್ಕತ್ತದ!” ಎಂದರು ವೈನಿ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಉಷ್ಣತೆಯ ಮುಳ್ಳು ಏರತೊಡಗಿತು. ನಾನು ಮೊದಲು ನಂಬಲಿಲ್ಲ. ಹೊರಗೆ ಕಲ್ಲು ಸೀಳುವ ಚಳಿ, ಒಳಗೆ ನಮ್ಮಿಬ್ಬರ ಕಾಲ್ಬೆರಳು ಮರಗಟ್ಟಿವೆ, ಎಂಜಿನ್ ಮಾತ್ರ ಕಾಯುತ್ತಿದೆ! ಮುಳ್ಳು ಕೆಂಪು ಗೆರೆ ಮುಟ್ಟಿತು. ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು. ವೈನಿ ಗಾಬರಿಯಾಗದೆ, ತಿರುಗುವ ಸೂಚನೆಯ ದೀಪ ಹಾಕಿ, ಕನ್ನಡಿ ನೋಡಿ, ನಾನು ಕಲಿಸಿದ ಕ್ರಮದಲ್ಲಿಯೇ ಒಂದು ಗ್ಯಾಸ್ ಸ್ಟೇಷನ್ನಿನ, ಅಂದರೆ ಪೆಟ್ರೋಲ್ ಬಂಕಿನ, ಅಂಗಳಕ್ಕೆ ಗಾಡಿ ತಿರುಗಿಸಿ ನಿಲ್ಲಿಸಿದರು.

ಅಲ್ಲಿನ ಮೆಕ್ಯಾನಿಕ್ಕಿಗೆ ಆ ಬೆಳಗ್ಗೆ ಉಸಿರಾಡಲು ಪುರುಸೊತ್ತಿರಲಿಲ್ಲ. ಬ್ಯಾಟರಿ ಸತ್ತ ಗಾಡಿಗಳು ಸಾಲಾಗಿ ನಿಂತಿದ್ದವು. ದೂರದಿಂದಲೇ ನಮ್ಮ ಹಬೆ ನೋಡಿ, “ಈ ಚಳಿಯಲ್ಲಿ ಕುದಿಯುತ್ತಿದೆಯೇ? ಹಾಗಾದರೆ ವಾಟರ್ ಪಂಪ್ ಹೋಗಿದೆ ಲೇಡಿ. ಇಲ್ಲೇ ಬಿಟ್ಟು ಹೋಗಿ, ಮಂಗಳವಾರ ನೋಡೋಣ” ಎಂದ.

ವೈನಿ ಗಾಡಿಯ ಮುಂದೆ ನಿಂತರು, ಕೋಟಿನ ಜೇಬಿನಲ್ಲಿ ಕೈಯಿಟ್ಟು. ನಾನು ಅವರ ಮುಖ ನೋಡಿದೆ. ಹಿಂದೆ ಎಷ್ಟೋ ಸಲ ಅವರ ಮನೆಯ ಆ ಕಿಟಕಿಯ ಮುಂದೆ ಕಂಡ ಮುಖ. ನೋಡಲಾಗಲಿಲ್ಲ.

“ಬಿಟ್ಟುಬಿಡೋದಾ ವೈನಿ?” ಎಂದೆ.

“ಬಿಡೋ ಮಾತಽ ಇಲ್ಲ” ಎಂದು ಬಾನೆಟ್ ಎತ್ತಿದರು. “ಬಡಬಡಿಸೋದು ಬ್ಯಾಡ. ಒಂದೊಂದಽ ನೋಡೋಣ. ಲ್ಯಾಬಿನೊಳಗ ಪ್ರಯೋಗ ಕೆಟ್ಟರ ಎಲ್ಲಾ ಚೆಲ್ಲಿ ಮನೀಗೆ ಹೋಗ್ತೇವೇನು?”

ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಲು ಹೋದವರನ್ನು ತಡೆದೆ. ಹಾಗೆ ಮುಚ್ಚಳ ತೆಗೆದು ಮುಖ ಬೇಯಿಸಿಕೊಂಡವರಿಗೆ ಪಟ್ಟಿ ಕಟ್ಟಿದವಳು ನಾನು. ಮೊದಲು ಹೊರಗಿನಿಂದ ಮುಟ್ಟಿ ನೋಡೋಣ ಎಂದೆ. ಎಂಜಿನ್ನಿನಿಂದ ರೇಡಿಯೇಟರಿಗೆ ಎರಡು ದಪ್ಪ ರಬ್ಬರ್ ಕೊಳವೆಗಳು. ಮೇಲಿನದರಲ್ಲಿ ಬಿಸಿನೀರು ಬರುತ್ತದೆ, ರೇಡಿಯೇಟರಿನಲ್ಲಿ ತಣಿದು ಕೆಳಗಿನದರಲ್ಲಿ ಹಿಂದಕ್ಕೆ ಹೋಗುತ್ತದೆ. ಇಷ್ಟು ವೈನಿಗೆ ಗೊತ್ತಿತ್ತು. ನಾನು ಗ್ಲವ್ಸ್ ತೆಗೆದು ಮೇಲಿನ ಕೊಳವೆ ಮುಟ್ಟಿದೆ. ಕೈ ಇಡಲಾಗದಷ್ಟು ಬಿಸಿ. ಬಗ್ಗಿ ಕೆಳಗಿನದನ್ನು ಮುಟ್ಟಿದೆ. ಹೆಣದ ಹಾಗೆ ತಣ್ಣಗೆ.

ಇದು ನನಗೆ ಗೊತ್ತಿದ್ದ ರೋಗ. “ವೈನಿ, ರಕ್ತ ಕಟ್ಟಿದ ಕಾಲು ಹೀಗೇ ಇರುತ್ತೆ. ತೊಡೆ ಬೆಚ್ಚಗೆ, ಪಾದ ತಣ್ಣಗೆ. ನಡುವೆ ಎಲ್ಲೋ ಅಡ್ಡ ಕೂತಿದೆ.”

ವೈನಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಗ್ಗಿ ಕೆಳಗಿನ ಕೊಳವೆಯನ್ನು ಎರಡೂ ಕೈಯಿಂದ ಹಿಸುಕಿದರು. ಒಳಗೆ ಕರಕರ ಎಂದಿತು. ಮತ್ತೊಮ್ಮೆ ಹಿಸುಕಿದರು. ಬೆಣಚುಕಲ್ಲು ತುಂಬಿದ ಚೀಲದ ಸದ್ದು.

“ಬರ್ಫ!” ಎಂದರು. “ಒಳಗ ಬರ್ಫ ಆಗೇದ. ಬಿಸಿನೀರು ಮ್ಯಾಲೆ ಬಂದು ನಿಂತದ, ಕೆಳಗ ಇಳೀಲಿಕ್ಕೆ ಹಾದಿ ಇಲ್ಲ. ಎಂಜಿನ್ ಕಾಯದ ಇನ್ನೇನ ಮಾಡೀತು? ಆದರ ಆ ಹಸಿರು ಔಷಧ ಇದ್ದಮ್ಯಾಲೆ ಬರ್ಫ ಹೆಂಗ ಆತು...”

ವೈನಿ ನಿಧಾನವಾಗಿ ನೆಟ್ಟಗಾದರು. ಕೈಯನ್ನು ತಂಬಿಗೆ ಹಿಡಿದ ಹಾಗೆ ಎತ್ತಿದರು, ಬಗ್ಗಿಸಿದರು, ನೀರು ಹೊಯ್ದಂತೆ. ನನ್ನನ್ನು ನೋಡಿದರು. ಆಮೇಲೆ ನಗು ಬಂತು ನೋಡಿ, ಗಾಡಿಯ ಮಡ್‌ಗಾರ್ಡ್ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. “ಎಂ.ಎಸ್ಸಿ. ಕೆಮಿಸ್ಟ್ರಿವಾ ನಾನು! ದಿನಾ ಮುಂಜಾನೆ ಕಂಠಮಟ್ಟ ನೀರು ಹೊಯ್ದೆ. ಎಂಜಿನ್ ಕಾದಾಗ ಹೆಚ್ಚಿಗೆ ಆದದ್ದು ಉಕ್ಕಿ ಹೊರಗ ಹೋತು. ಮರುದಿನ ಕಡಿಮಿ ಕಂಡಿತು, ಮತ್ತ ಹೊಯ್ದೆ. ಔಷಧ ಎಲ್ಲಾ ಬೀದೀ ಪಾಲು, ಒಳಗ ಉಳದದ್ದು ಬರೇ ಹ್ಯಾರಿಸನ್ನಿನ ನಳದ ನೀರು! ಕಾಲೇಜಿನ್ಯಾಗ ಯಾವ ಹುಡುಗನರೇ ಹಿಂಗ ಮಾಡಿದ್ರ ಹೊರಗ ನಿಲ್ಲಸ್ತಿದ್ದೆ.”

ಗದಗಿನ ಬಿಸಿಲಿನಲ್ಲಿ ಗಾಡಿಯನ್ನು ಬದುಕಿಸುತ್ತಿದ್ದ ನೀರು ಇಲ್ಲಿಯ ಚಳಿಯಲ್ಲಿ ಅದರ ಕತ್ತು ಹಿಸುಕಿತ್ತು. ಕ್ರಮ ತಪ್ಪಿರಲಿಲ್ಲ. ಸೀಮೆ ಬದಲಾಗಿತ್ತು.

ಕಾರಣ ಸಿಕ್ಕ ಮೇಲೆ ವೈನಿಯ ಕೈಗೆ ಶಕ್ತಿ ಬಂತು. ಓಡಿದಷ್ಟೂ ಮುಂದಿನ ಜಾಲರಿಯಿಂದ ಹಿಮದ ಗಾಳಿ ನುಗ್ಗಿ ರೇಡಿಯೇಟರನ್ನು ಇನ್ನಷ್ಟು ಹೆಪ್ಪುಗಟ್ಟಿಸುತ್ತಿದೆ, ಮೊದಲು ಆ ಗಾಳಿ ನಿಲ್ಲಿಸಬೇಕು ಎಂದರು. ಸ್ಟೇಷನ್ನಿನ ಮೂಲೆಯಲ್ಲಿ ಬಿದ್ದಿದ್ದ ರಟ್ಟಿನ ಪೆಟ್ಟಿಗೆ ಹರಿದು ಜಾಲರಿಗೆ ಅಡ್ಡ ನಿಲ್ಲಿಸಿದರು. ಬಾನೆಟ್ ಮುಚ್ಚಿ, ಸೀಟಿನ ಮೇಲಿದ್ದ ಕೌದಿ ಎಳೆದು ತಂದು ಗಾಡಿಯ ಮೂತಿಗೆಲ್ಲ ಹೊದಿಸಿದರು. ಎಂಜಿನ್ ತನ್ನ ಬಿಸಿಯಿಂದ ತಾನೇ ಮಂಜು ಕರಗಿಸಿಕೊಳ್ಳಲಿ ಎಂಬುದು ಲೆಕ್ಕ. ಸ್ವಲ್ಪ ಹೊತ್ತು ಓಡಿಸುವುದು, ಮುಳ್ಳು ಕೆಂಪಿಗೆ ಹೋಗುವ ಮುಂಚೆ ಆರಿಸುವುದು, ಬಿಸಿ ಒಳಗೆ ಹರಡಲು ಬಿಡುವುದು, ಮತ್ತೆ ಓಡಿಸುವುದು. ನಾನು ಮುಳ್ಳು ನೋಡುತ್ತ ಕುಳಿತೆ. ಜ್ವರದ ರೋಗಿಯ ಪಕ್ಕ ಥರ್ಮಾಮೀಟರ್ ಹಿಡಿದು ಕೂತದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಬ್ಯಾಟರಿ ಸತ್ತ ಗಾಡಿಗಳವರೆಲ್ಲ ತಿರುಗಿ ನೋಡತೊಡಗಿದರು. ಸೀರೆಯುಟ್ಟ ಹೆಂಗಸು, ಬಣ್ಣಬಣ್ಣದ ಕೌದಿ ಹೊದ್ದ ಕಾರು. ಮೆಕ್ಯಾನಿಕ್ ಹತ್ತಿರ ಬಂದು, “ಏನು, ಅದಕ್ಕೆ ನೆಗಡಿಯೇ?” ಎಂದ.

“ಇಲ್ಲ. ತಲೆಗೆ ಜ್ವರ, ಕಾಲಿಗೆ ಶೀತ” ಎಂದೆ ನಾನು, ನಗದೆ.

ವೈನಿ ಅವನ ಕೈ ಹಿಡಿದು ಕೆಳಗಿನ ಕೊಳವೆಯ ಮೇಲಿಟ್ಟರು. ಅವನೂ ಹಿಸುಕಿದ. ಕರಕರ. ಹುಬ್ಬು ಮೇಲೇರಿತು. ಒಳಗೆ ಹೋಗಿ ಕಾಫಿಗೆ ಕಾಯಿಸುತ್ತಿದ್ದ ಕೆಟಲನ್ನೇ ಎತ್ತಿಕೊಂಡು ಬಂದ. ಕುದಿಯುವ ನೀರು ಒಮ್ಮೆಲೇ ಬೇಡ ಎಂದೆ ನಾನು. ಹಿಮ ಹೊಡೆದ ಬೆರಳಿಗೂ ನಾವು ಉಗುರುಬೆಚ್ಚಗಿನ ನೀರನ್ನೇ ಹಾಕುವುದು. ತಣ್ಣೀರು ಬೆರೆಸಿ, ಸ್ವಲ್ಪ ಸ್ವಲ್ಪವಾಗಿ ಕೊಳವೆಯ ಮೇಲೆ, ರೇಡಿಯೇಟರಿನ ಬುಡದ ಮೇಲೆ ಹೊಯ್ದೆವು. ಗಡಿಯಾರ ನಿಲ್ಲುವುದಿಲ್ಲ. ಟೆಸ್ಟಿನ ಹೊತ್ತು ಹತ್ತಿರ ಬಂತು, ಬಂದು ದಾಟಿತು. ವೈನಿ ಗಡಿಯಾರ ನೋಡಲೇ ಇಲ್ಲ. ಓಡಿಸಿದರು, ಆರಿಸಿದರು. ಓಡಿಸಿದರು...

ನನ್ನ ಅಂಗೈ ಕೆಳಗಿನ ಕೊಳವೆಯ ಮೇಲೆಯೇ ಇತ್ತು. ಮೊದಲು ಅನುಮಾನ ಅನ್ನಿಸಿತು. ಆಮೇಲೆ ಸಂಶಯವಿಲ್ಲ. ಒಳಗೆ ಏನೋ ಸಡಿಲಗೊಂಡು ಸರಿಯಿತು, ಅದರ ಹಿಂದೆಯೇ ಬಿಸಿ ಹರಿದು ಬಂತು. ನಿಂತ ನಾಡಿ ಮತ್ತೆ ಬಡಿಯುವುದನ್ನು ಬೆರಳ ತುದಿಯಲ್ಲಿ ಹಿಡಿದವರಿಗೆ ಮಾತ್ರ ಆ ಸುಖ ಗೊತ್ತು.

“ಬೆಚ್ಚಗಾಯ್ತು ವೈನಿ! ಬೆಚ್ಚಗಾಯ್ತು!” ಎಂದು ಕೂಗಿದೆ. ವಾರ್ಡಿನಲ್ಲಿ ಎಂದೂ ದನಿ ಎತ್ತಿದವಳಲ್ಲ ನಾನು.

ಒಳಗಿನಿಂದ ವೈನಿ, “ಹೀಟರ್ ಬಂತು! ಬಿಸಿ ಗಾಳಿ ಬಂತು!” ಎಂದು ಕೂಗಿದರು. ಮುಳ್ಳು ಇಳಿಯತೊಡಗಿತ್ತು. ಬ್ಯಾಟರಿಯವರಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಎಂಜಿನ್ ತುಸು ತಣಿದ ಮೇಲೆ ಮೆಕ್ಯಾನಿಕ್ ರೇಡಿಯೇಟರಿನ ಬುಡದ ನಲ್ಲಿ ತಿರುಗಿಸಿದ. ಹೆಸರುಬೇಳೆ ತೊಳೆದಂಥ ತೆಳು ನೀರು ಹರಿಯಿತು, ಹಸಿರು ಬಣ್ಣದ ನೆನಪು ಮಾತ್ರ ಇದ್ದದ್ದು. ಡಬ್ಬಿಯಿಂದ ಹೊಸ ಆಂಟಿಫ್ರೀಜ್ ಹೊಯ್ದೆವು. “ಅರ್ಧ ಇದು, ಅರ್ಧ ನೀರು. ಇನ್ನು ಮೇಲೆ ಮುಚ್ಚಳ ಮುಟ್ಟಬೇಡಿ” ಎಂದ. ವೈನಿ ಶಾಲೆಯ ಹುಡುಗಿಯ ಹಾಗೆ ತಲೆಯಾಡಿಸಿದರು.

ಟೆಸ್ಟಿನ ಜಾಗ ಮುಟ್ಟಿದಾಗ ನಮ್ಮ ಸರದಿ ಕಳೆದು ಎಷ್ಟೋ ಹೊತ್ತಾಗಿತ್ತು. ಆದರೆ ಆ ಚಳಿಗೆ ಅರ್ಧಕ್ಕರ್ಧ ಜನ ಬಂದೇ ಇರಲಿಲ್ಲ. ಅಧಿಕಾರಿ, ಮೂಗು ಕೆಂಪಾದ ದೊಡ್ಡ ಆಳು, ಹೊರಡಲು ಕೋಟಿನ ಗುಂಡಿ ಹಾಕುತ್ತಿದ್ದ. ವೈನಿ ನೇರವಾಗಿ ಎದುರಿಗೆ ಹೋಗಿ ನಿಂತು, ತಮ್ಮ ಧಾರವಾಡದ ಇಂಗ್ಲಿಷಿನಲ್ಲಿ, ಹಿಂಜರಿಯದೆ, ಎಂಜಿನ್ ಏಕೆ ಕಾಯಿತು, ಹೇಗೆ ಸರಿಯಾಯಿತು ಎಂದು ಮೊದಲಿನಿಂದ ಕೊನೆಯವರೆಗೆ ಪಾಠ ಹೇಳಿದರು. ಅವನು ಅವರನ್ನು ನೋಡಿದ, ಗಾಡಿಯನ್ನು ನೋಡಿದ. ಕೌದಿಯ ಒಂದು ತುದಿ ಬಾಗಿಲಿಗೆ ಸಿಕ್ಕಿ ಹೊರಗೆ ನೇತಾಡುತ್ತಿತ್ತು.

“ಹೀಟರ್ ಕೆಲಸ ಮಾಡುತ್ತಿದೆಯೇ?” ಎಂದು ಕೇಳಿದ.

“ಬೆಂಕಿಯ ಹಾಗೆ” ಎಂದರು ವೈನಿ.

“ಹಾಗಾದರೆ ನಡೆಯಿರಿ.”

ನಾನು ಹೊರಗೆ ನಿಂತೆ. ಮಂಜು ಮೆತ್ತಿದ ಅಂಗಳದಲ್ಲಿ ಆ ಹಡಗು ಮೆಲ್ಲಗೆ ತಿರುಗಿತು, ಹಿಂದಕ್ಕೆ ಬಂತು, ಎರಡು ಕಂಬಗಳ ನಡುವೆ ಎಲ್ಲೂ ತಗಲದೆ ಹೋಗಿ ಕೂತಿತು. ಮೇಟ್ರನ್ ಮಡಚಿದ ಚಾದರದ ಮೂಲೆಯ ಹಾಗೆ. ಗಾಡಿ ನಿಂತಿತು. ಬಾಗಿಲು ಮಾತ್ರ ತೆರೆಯಲಿಲ್ಲ. ಅಧಿಕಾರಿ ಗ್ಲವ್ಸ್ ತೆಗೆದು ಹೀಟರಿಗೆ ಕೈಯೊಡ್ಡಿ ಕೂತಿದ್ದ. ಅವನಿಗೆ ಇಳಿಯುವ ಮನಸ್ಸೇ ಇರಲಿಲ್ಲ. ಕೊನೆಗೆ ಕಾಗದದ ಮೇಲೆ ಮುದ್ರೆ ಒತ್ತಿದ್ದು ಗಾಜಿನಾಚೆ ಕಂಡಿತು.

ವೈನಿ ಕೆಳಗಿಳಿಯಲಿಲ್ಲ. ಕಿಟಕಿಯ ಗಾಜು ಇಳಿಸಿದರು. “ಹತ್ತವಾ ಸಿಸ್ಟರ್. ನಿನ್ನ ಲೈಸೆನ್ಸ್ ಇನ್ನ ಬೇಕಾಗಿಲ್ಲ. ಬರೇ ನೀ ಬಾ.”

ದಾರಿಯಲ್ಲಿ ಅದೇ ಗ್ಯಾಸ್ ಸ್ಟೇಷನ್ನಿನ ಮುಂದೆ ಉದ್ದಕ್ಕೆ ಹಾರ್ನ್ ಹೊಡೆದರು. ಮೆಕ್ಯಾನಿಕ್ ಬ್ಯಾಟರಿಯ ಮೇಲಿಂದ ತಲೆ ಎತ್ತಿ ಟೋಪಿ ತೆಗೆದ.

ಸಂಜೆ ಯಜಮಾನರು ಬಂದು ಬೂಟು ಬಿಚ್ಚುತ್ತ ಅಭ್ಯಾಸದಂತೆ, “ಗಾಡೀಗೆ ನೀರು ಹಾಕ್ದೇನು?” ಎಂದು ಕೇಳಿದರಂತೆ. “ಇವತ್ತಿಂದ ಈ ಗಾಡೀಗೆ ಯಾರರೇ ನೀರು ಹಾಕಿದ್ರ, ಅವರಿಗೆ ಈ ಮನಿಯೊಳಗ ಅನ್ನ ಇಲ್ಲ” ಎಂದರಂತೆ ವೈನಿ. ಸೋಮವಾರ ಬೆಳಗ್ಗೆ ನಾನು ಕಿಟಕಿಯಿಂದ ನೋಡಿದೆ. ಟಿಫಿನ್ ಡಬ್ಬಿ ಪಕ್ಕದ ಸೀಟಿನಲ್ಲಿಟ್ಟು, ಗಾಜಿನ ಮೇಲಿನ ಮಂಜು ಕೆರೆದು, ವೈನಿ ಮನ್ರೋ ಕಡೆಗೆ ಹೊರಟರು. ಅದೇ ಪ್ರಯೋಗಾಲಯದಲ್ಲಿ ನಿವೃತ್ತಿಯವರೆಗೆ ದುಡಿದರು. ಕೊನೆಕೊನೆಗೆ ಅದರ ಮುಖ್ಯಸ್ಥೆಯೇ ಆಗಿದ್ದರು. ಊರಿನಿಂದ ಬಂದ ಎಷ್ಟೋ ಸೊಸೆಯಂದಿರಿಗೆ ಡ್ರೈವಿಂಗ್ ಕಲಿಸಿದರು. ಮೊದಲ ಪಾಠ ಸ್ಟೀರಿಂಗ್ ಅಲ್ಲ. ಬಾನೆಟ್ ಎತ್ತಿಸಿ, ಎರಡೂ ಕೊಳವೆ ಮುಟ್ಟಿಸುತ್ತಿದ್ದರು.

ಮುಂದೆ ಅವರು ಮನ್ರೋದಲ್ಲೇ ಮನೆ ಮಾಡಿದರು. ನಾನೂ ಇಲ್ಲಿಗೆ ಬಂದು ನೆಲೆಸಿದ್ದು ಅವರ ಹತ್ತಿರ ಇರಲೆಂದು. ಈಗ ಅವರಿಲ್ಲ. ಹಿಮ ಬಿದ್ದ ಬೆಳಗ್ಗೆ ಇವತ್ತಿಗೂ ನನ್ನ ಕೈ ಫೋನಿನ ಕಡೆ ಹೋಗುತ್ತದೆ... ಹೋಗಿ ಹಿಂದಕ್ಕೆ ಬರುತ್ತದೆ. ತಿಂಡಿಯ ಹೊತ್ತಿಗೆ ತಿಂಡಿ ತಿನ್ನುತ್ತೇನೆ. ಔಷಧದ ಹೊತ್ತಿಗೆ ಔಷಧ. ಕ್ರಮಕ್ಕೆ ಏನೂ ಕೊರತೆಯಿಲ್ಲ.

ಅಂತ್ಯಕ್ರಿಯೆಯ ದಿನ ಅವರ ಮಗಳು ನನ್ನನ್ನು ತನ್ನ ಕಾರಿನಲ್ಲಿ ಕೂರಿಸಿಕೊಂಡಿದ್ದಳು. ಮುಂದೆ ಶವ ಒಯ್ಯುವ ಉದ್ದನೆಯ ಕಪ್ಪು ಗಾಡಿ ಆಮೆಯ ಹಾಗೆ ಸಾಗುತ್ತಿತ್ತು. ಮಗಳು, “ಆಂಟಿ, ಅಮ್ಮ ವುಡ್ ಹ್ಯಾವ್ ಓವರ್‌ಟೇಕನ್ ದಿಸ್ ಗೈ” ಎಂದಳು. ಇಬ್ಬರೂ ನಕ್ಕೆವು. ಆ ಶುಕ್ರವಾರದಿಂದ ಈಚೆಗೆ ವೈನಿ ಬೇರೊಬ್ಬರು ಓಡಿಸುವ ಗಾಡಿಯಲ್ಲಿ ಕೂತದ್ದನ್ನು ನಾನು ಕಂಡಿರಲಿಲ್ಲ. ಅಂದು ಕಂಡೆ.